ಶಾಲಾ ಪ್ರವಾಸ ಈ ಸಲ ಎಲ್ಲಿಗೆ? ಮೈಸೂರು, ಪಿಲಿಕುಳ, ಹಂಪಿ, ಗದಗ ಹೋಲಿಸಿ ನೋಡೋಣ

ದಸರಾ ರಜೆ ಮುಗಿದು ಶಾಲೆ ಶುರುವಾದ ವಾರಕ್ಕೇ ಸ್ಟಾಫ್ ರೂಮಿನಲ್ಲಿ ಒಂದೇ ಮಾತು: ಈ ಸಲ ಪ್ರವಾಸ ಎಲ್ಲಿಗೆ? ಮಕ್ಕಳಿಗೆ ಹುಲಿ, ಆನೆ ನೋಡಬೇಕು. ಹೆಡ್‌ಮಾಸ್ಟರಿಗೆ ವಿಜ್ಞಾನ ಕೇಂದ್ರ ಇರಲೇಬೇಕು. ಸಮಾಜ ವಿಜ್ಞಾನದ ಮೇಷ್ಟ್ರಿಗೆ ಕೋಟೆ, ಗುಡಿ, ಶಾಸನ ಬೇಕು. ಅಪ್ಪ ಅಮ್ಮಂದಿರಿಗೆ ಖರ್ಚು ಕಡಿಮೆಯಾಗಬೇಕು, ಮಕ್ಕಳು ಸುರಕ್ಷಿತವಾಗಿ ಮನೆ ಸೇರಬೇಕು. ನಾನು ಹಾಸನದ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹದಿನಾಲ್ಕು ವರ್ಷದಿಂದ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಬೇರೆ ಶಾಲೆಯವರು ಫೋನ್ ಮಾಡಿ "ಮೈಸೂರಾ, ಪಿಲಿಕುಳಾನಾ, ಹಂಪಿನಾ, ನೀವೇ ಹೇಳಿ ಮೇಡಂ" ಅಂತ ಕೇಳುತ್ತಾರೆ. ಎಲ್ಲ ಶಾಲೆಗೂ ಹೊಂದುವ ಒಂದೇ ಉತ್ತರ ಇಲ್ಲ. ಆದರೆ ಯಾವುದನ್ನು ಅಳೆದು ನೋಡಬೇಕು ಅನ್ನುವುದನ್ನು ಹೇಳಬಲ್ಲೆ.

ಮೊದಲು ಏನೇನು ನೋಡಬೇಕು

ಎಲ್ಲಕ್ಕಿಂತ ಮೊದಲು ಗಂಟೆಯ ಲೆಕ್ಕ. ಮಗು ಬಸ್ಸಿನಲ್ಲಿ ಎಷ್ಟು ಹೊತ್ತು ಕೂರುತ್ತದೆ, ನೆಲದ ಮೇಲೆ ನಿಂತು ಎಷ್ಟು ಹೊತ್ತು ನೋಡುತ್ತದೆ? ಒಂದು ವರ್ಷ ಎರಡು ದಿನಕ್ಕೆ ಒಂಬತ್ತು ಜಾಗ ಹಾಕಿಕೊಂಡಿದ್ದೆವು. ವಾಪಸ್ ಬಂದ ಮೇಲೆ ಎಂಟನೇ ಕ್ಲಾಸಿನ ಒಬ್ಬ ಹುಡುಗ ಬರೆದ ಟಿಪ್ಪಣಿ ಓದಿದೆ. ಜಾಗದ ಹೆಸರು, ಇಳಿದ ಟೈಮು, ಹತ್ತಿದ ಟೈಮು. ಅಷ್ಟೇ. ಏನು ನೋಡಿದೆಯಪ್ಪಾ ಅಂದರೆ, "ಇಳಿದ್ವಿ, ಫೋಟೋ ತೆಗೆಸ್ಕೊಂಡ್ವಿ, ಹತ್ತಿದ್ವಿ ಮಿಸ್" ಅಂದ. ತಪ್ಪು ಅವನದಲ್ಲ, ಪಟ್ಟಿ ಮಾಡಿದ ನಮ್ಮದು. ಅವತ್ತಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಬಸ್ಸಿನಲ್ಲಿ ಕೂತ ಹೊತ್ತಿಗಿಂತ ನೋಡುವ ಹೊತ್ತು ಜಾಸ್ತಿ ಇರಬೇಕು. ಒಂದು ಜಾಗಕ್ಕೆ ಎರಡು ಗಂಟೆ ಕೊಡಲು ಆಗದಿದ್ದರೆ ಅದನ್ನು ಪಟ್ಟಿಯಿಂದ ಹೊಡೆದು ಹಾಕಬೇಕು.

ಎರಡನೆಯದು ದುಡ್ಡು. ನಮ್ಮ ಲೆಕ್ಕದ ಪುಸ್ತಕ ತೆಗೆದು ನೋಡಿದರೆ ಯಾವ ವರ್ಷವೂ ಅರ್ಧಕ್ಕಿಂತ ಜಾಸ್ತಿ ಖರ್ಚು ಬಸ್ಸಿಗೇ ಹೋಗಿದೆ. ಒಪ್ಪಂದದ ಬಸ್ಸಿಗೆ ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಅಂತ ಲೆಕ್ಕ ಇರುತ್ತದೆ. ಹತ್ತಿರದ ಜಾಗಕ್ಕೆ ಹೋದರೂ ಆ ಕನಿಷ್ಠದ ದುಡ್ಡು ಕಟ್ಟಲೇಬೇಕು. ಟಿಕೆಟ್ಟಿನ ಖರ್ಚು ಅದರ ಮುಂದೆ ಸಣ್ಣದು. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಂತೂ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ. ಮಿಕ್ಕ ಕಡೆ ಶಾಲೆಯ ಗುಂಪಿಗೆ ರಿಯಾಯಿತಿ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಹೆಡ್‌ಮಾಸ್ಟರ ಸಹಿ, ಸೀಲು ಇರುವ ಪತ್ರದ ನಾಲ್ಕೈದು ಪ್ರತಿ ಕೈಯಲ್ಲಿರಲಿ.

ಬಸ್ಸಿನ ವಿಷಯದಲ್ಲಿ ಕಡಿಮೆ ಬಾಡಿಗೆಗೆ ಮರುಳಾಗಬೇಡಿ. ಒಂದು ಸಲ ಖಾಸಗಿ ಬಸ್ಸಿನವರೊಬ್ಬರು ಇಬ್ಬರು ಡ್ರೈವರ್ ಅಂತ ಹೇಳಿ ಒಬ್ಬರನ್ನೇ ಕಳಿಸಿದರು. ರಾತ್ರಿ ಎರಡು ಗಂಟೆಗೆ ಆ ಮನುಷ್ಯನ ತಲೆ ವಾಲುವುದು ಮುಂದಿನ ಸೀಟಿನಲ್ಲಿದ್ದ ನನಗೆ ಕಾಣಿಸಿತು. ಬಸ್ ನಿಲ್ಲಿಸಿ, ಒಂದು ಪೆಟ್ರೋಲ್ ಬಂಕಿನಲ್ಲಿ ಬೆಳಗಾಗುವವರೆಗೆ ಕೂತೆವು. ಹಿಂದೆ ಐವತ್ತು ಮಕ್ಕಳು ನಿದ್ದೆ ಮಾಡುತ್ತಿದ್ದರು. ಆಮೇಲೆ ನಾನು ರಾತ್ರಿ ಪ್ರಯಾಣಕ್ಕೆ ಒಪ್ಪಿಲ್ಲ. ರಾತ್ರಿ ಬಸ್ಸಿನಲ್ಲೇ ಕಳೆದರೆ ತಂಗುವ ಖರ್ಚು ಉಳಿಯುತ್ತದೆ ಅನ್ನುವ ಲೆಕ್ಕ ಮಕ್ಕಳ ವಿಷಯದಲ್ಲಿ ಬೇಡವೇ ಬೇಡ.

ಮೂರನೆಯದು ವಾರದ ರಜೆ. ಮೈಸೂರು, ಬನ್ನೇರುಘಟ್ಟದ ಝೂಗಳಿಗೆ ಮಂಗಳವಾರ ರಜೆ. ಪಿಲಿಕುಳ, ಬೆಂಗಳೂರಿನ ನೆಹರೂ ತಾರಾಲಯ, ಮೈಸೂರಿನ ನೈಸರ್ಗಿಕ ಇತಿಹಾಸ ಸಂಗ್ರಹಾಲಯಕ್ಕೆ ಸೋಮವಾರ. ಹಂಪಿ ಹತ್ತಿರದ ಕಮಲಾಪುರದ ಪುರಾತತ್ವ ಸಂಗ್ರಹಾಲಯಕ್ಕೆ ಶುಕ್ರವಾರ. ಬುಧವಾರ, ಗುರುವಾರ ಇಟ್ಟುಕೊಂಡರೆ ಇದ್ಯಾವುದೂ ತಪ್ಪುವುದಿಲ್ಲ, ಜನಸಂದಣಿಯೂ ಕಡಿಮೆ.

ನಾಲ್ಕನೆಯದನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ. ಅದು ಶೌಚಾಲಯ. ಹೆಣ್ಣುಮಕ್ಕಳು ಎಲ್ಲಿ ಹೋಗೋದು ಅನ್ನುವ ಭಯಕ್ಕೆ ಬೆಳಗಿನಿಂದ ನೀರೇ ಕುಡಿಯದೆ ಸಂಜೆ ತಲೆನೋವು ಅಂತ ಮಲಗುವುದನ್ನು ನೋಡಿದ್ದೇನೆ. ದಾರಿಯಲ್ಲಿ ಎರಡು ಗಂಟೆಗೊಂದು ಒಳ್ಳೆಯ ಶೌಚಾಲಯ ಎಲ್ಲಿದೆ ಅಂತ ಮೊದಲೇ ಗುರುತು ಮಾಡಿಕೊಳ್ಳಿ. ಅದು ಸಿಗದ ದಾರಿಯನ್ನು ಬಿಟ್ಟುಬಿಡಿ.

ಮೈಸೂರು, ಶ್ರೀರಂಗಪಟ್ಟಣ

ದಕ್ಷಿಣದ ಜಿಲ್ಲೆಗಳ ಶಾಲೆಗೆ ಒಂದೇ ದಿನದಲ್ಲಿ ಹೋಗಿ ಬರಲು ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ನಮಗೆ ಮೂರು ಗಂಟೆ ದಾರಿ. ಬೆಳಗ್ಗೆ ಐದೂವರೆಗೆ ಹೊರಟರೆ ಝೂ ಗೇಟು ತೆಗೆಯುವ ಹೊತ್ತಿಗೆ ಅಲ್ಲಿರುತ್ತೇವೆ. 1892ರಲ್ಲಿ ಶುರುವಾದ ಝೂ ಇದು. ನೆರಳು ಚೆನ್ನಾಗಿದೆ, ದಾರಿ ಸಲೀಸು, ಶೌಚಾಲಯಕ್ಕೆ ತೊಂದರೆಯಿಲ್ಲ. ಪೂರ್ತಿ ಸುತ್ತಲು ಮೂರು ಗಂಟೆ ಇಟ್ಟುಕೊಳ್ಳಿ.

ಸುಮ್ಮನೆ ಓಡಿಸಿಕೊಂಡು ಹೋಗಬೇಡಿ. ಜಿರಾಫೆಯ ಮುಂದೆ ಮಕ್ಕಳನ್ನು ಹತ್ತು ನಿಮಿಷ ಸುಮ್ನೆ ನಿಲ್ಲಿಸಿ. ಅದು ಅಗಿಯುತ್ತದೆ, ನುಂಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಆ ಉದ್ದ ಕುತ್ತಿಗೆಯ ಬುಡದಿಂದ ಒಂದು ಉಂಡೆ ಚರ್ಮದ ಒಳಗೇ ಮೇಲೇರಿ ಬಾಯಿಗೆ ಬರುತ್ತದೆ, ಮತ್ತೆ ಅಗಿಯಲು ಶುರು ಮಾಡುತ್ತದೆ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಅದನ್ನು ನೋಡಿ "ಮಿಸ್, ಇದೂ ಮೆಲುಕು ಹಾಕುತ್ತೆ, ನಮ್ಮ ಗೌರಿ ಥರಾನೇ!" ಅಂತ ಕೂಗಿದಳು. ಗೌರಿ ಅವರ ಮನೆಯ ಹಸು. ಹಸುವಿನ ಕುತ್ತಿಗೆಯಲ್ಲಿ ಅಷ್ಟಾಗಿ ಕಣ್ಣಿಗೆ ಬೀಳದ್ದು ಜಿರಾಫೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಜೀರ್ಣಕ್ರಿಯೆಯ ಪಾಠವನ್ನು ಆ ವರ್ಷ ನಾನು ಬೇರೆ ಥರ ಹೇಳಿಕೊಡಬೇಕಾಗಲೇ ಇಲ್ಲ.

ಮಧ್ಯಾಹ್ನದ ಮೇಲೆ ಎರಡು ದಾರಿ ಇದೆ. ಅರಮನೆ ನೋಡಬಹುದು, ಇಲ್ಲ ಶ್ರೀರಂಗಪಟ್ಟಣಕ್ಕೆ ಹೋಗಿ ರಂಗನತಿಟ್ಟು ಸೇರಿಸಿಕೊಳ್ಳಬಹುದು. ಎರಡನ್ನೂ ಮಾಡಲು ಹೋದರೆ ಯಾವುದೂ ಆಗುವುದಿಲ್ಲ. ನನ್ನ ಮತ ರಂಗನತಿಟ್ಟಿಗೆ. ಪಕ್ಷಿತಜ್ಞ ಸಲೀಂ ಅಲಿಯವರು ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮವಾದ ಜಾಗ, 2022ರಲ್ಲಿ ರಾಮ್ಸರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಯಿತು. ದೋಣಿಯಲ್ಲಿ ಕೂತರೆ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ಪಕ್ಕದಲ್ಲೇ ಸಿಗುತ್ತದೆ. ಲೈಫ್ ಜಾಕೆಟ್ ಹಾಕದೆ ಒಂದು ಮಗುವನ್ನೂ ದೋಣಿ ಹತ್ತಿಸಬೇಡಿ. ನದಿ ಜೋರಾಗಿದ್ದಾಗ ದೋಣಿ ಬಿಡುವುದಿಲ್ಲ, ಅದನ್ನು ವಿಚಾರಿಸಿಕೊಂಡೇ ಹೊರಡಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ, 1784ರ ದರಿಯಾ ದೌಲತ್ ಒಂದೇ ಸಾಕು. ಹೈದರ್, ಟಿಪ್ಪು ಬ್ರಿಟಿಷರನ್ನು ಸೋಲಿಸಿದ ಪೊಲ್ಲಿಲೂರು ಯುದ್ಧದ ಗೋಡೆಚಿತ್ರದಲ್ಲಿ ಕುದುರೆ ಎಷ್ಟು, ಫಿರಂಗಿ ಎಷ್ಟು ಅಂತ ಎಣಿಸಲು ಹಚ್ಚಿದರೆ ಮಕ್ಕಳು ಅಲ್ಲಿಂದ ಕದಲುವುದಿಲ್ಲ.

ಕೊರತೆ ವಿಜ್ಞಾನದ್ದು. ಬೆಂಗಳೂರಿನಲ್ಲಿರುವಂಥ ದೊಡ್ಡ ವಿಜ್ಞಾನ ಸಂಗ್ರಹಾಲಯ ಇಲ್ಲಿಲ್ಲ. ಕಾರಂಜಿ ಕೆರೆಯ ದಡದಲ್ಲಿರುವ ನೈಸರ್ಗಿಕ ಇತಿಹಾಸ ಸಂಗ್ರಹಾಲಯ ಚೆನ್ನಾಗಿದೆ, ಝೂಗೂ ಹತ್ತಿರ. ಡಿಸೆಂಬರ್ ಕೊನೆಯ ವಾರ ಮಾತ್ರ ಈ ಕಡೆ ತಲೆ ಹಾಕಬೇಡಿ. ಎಲ್ಲಿ ನೋಡಿದರೂ ಜನ, ಮಕ್ಕಳನ್ನು ಎಣಿಸುವುದರಲ್ಲೇ ದಿನ ಮುಗಿಯುತ್ತದೆ.

ಪಿಲಿಕುಳ

ಪ್ರಾಣಿ, ವಿಜ್ಞಾನ, ಹಳೆಯ ಬದುಕು, ಮೂರೂ ಒಂದೇ ಆವರಣದಲ್ಲಿ ಬೇಕು ಅನ್ನುವವರಿಗೆ ಕರ್ನಾಟಕದಲ್ಲಿ ಇದಕ್ಕೆ ಸಾಟಿ ಇಲ್ಲ. ಮಂಗಳೂರಿನಿಂದ ಹನ್ನೆರಡು ಕಿಲೋಮೀಟರ್ ಆಸುಪಾಸು, ಮೂಡುಶೆಡ್ಡೆಯಲ್ಲಿದೆ. ಡಾ. ಶಿವರಾಮ ಕಾರಂತರ ಹೆಸರಿನ ನಿಸರ್ಗಧಾಮ ಇದು. ತುಳುವಿನಲ್ಲಿ ಪಿಲಿ ಅಂದರೆ ಹುಲಿ. ಹುಲಿ ನೀರಿಗೆ ಬರುತ್ತಿದ್ದ ಕೊಳ ಅನ್ನುವುದರಿಂದ ಆ ಹೆಸರು. ಮೃಗಾಲಯ, ವಿಜ್ಞಾನ ಕೇಂದ್ರ, 2018ರಲ್ಲಿ ಶುರುವಾದ ವಿವೇಕಾನಂದ ತಾರಾಲಯ, ಗುತ್ತು ಮನೆ (ತುಳುನಾಡಿನ ಹಳೆಯ ಕಾಲದ ದೊಡ್ಡ ಮನೆ), ಕುಶಲಕರ್ಮಿಗಳ ಗ್ರಾಮ, ಎಲ್ಲದಕ್ಕೂ ಬಸ್ ಹತ್ತಿ ಇಳಿಯುವ ಗೋಜು ಇಲ್ಲ. ತಾರಾಲಯದ ಪ್ರದರ್ಶನ ತ್ರೀಡಿಯಲ್ಲಿದೆ. ಅಲ್ಲಿ ಕನ್ನಡದ ಪ್ರದರ್ಶನ ಎಷ್ಟು ಗಂಟೆಗೆ ಅಂತ ಮೊದಲೇ ಕೇಳಿ, ಮಿಕ್ಕದ್ದನ್ನೆಲ್ಲ ಅದರ ಸುತ್ತ ಹೊಂದಿಸಿ.

ಮಕ್ಕಳು ಜಾಸ್ತಿ ಹೊತ್ತು ನಿಲ್ಲುವುದು ಕುಶಲಕರ್ಮಿಗಳ ಗ್ರಾಮದಲ್ಲಿ. ಕುಂಬಾರಿಕೆ, ನೇಯ್ಗೆ, ಕಮ್ಮಾರಿಕೆ, ಅವಲಕ್ಕಿ ಕುಟ್ಟುವುದು, ಎಲ್ಲ ಅಲ್ಲಿದೆ. ತಿಗರಿ ತಿರುಗುತ್ತಿರುವಾಗ ಮಣ್ಣಿನ ಮುದ್ದೆ ನಡುವಿನಿಂದ ಒಂದು ಬೆರಳು ಆಚೆ ಸರಿದರೂ ಮಡಕೆ ಓಲಾಡುತ್ತದೆ. ನಮ್ಮ ಒಂಬತ್ತನೇ ಕ್ಲಾಸಿನವರಿಗೆ ಗುರುತ್ವ ಕೇಂದ್ರದ ಬಗ್ಗೆ ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೆ. ಅಲ್ಲಿ ಒಂದು ನಿಮಿಷದಲ್ಲಿ ಅರ್ಥವಾಯಿತು.

ದಕ್ಷಿಣ ಕನ್ನಡ, ಉಡುಪಿಯ ಶಾಲೆಗಳಿಗೆ ಇದು ಒಂದು ದಿನದ, ಕಡಿಮೆ ಖರ್ಚಿನ ಪ್ರವಾಸ. ಘಟ್ಟದ ಮೇಲಿನವರಿಗೆ ಹಾಗಲ್ಲ. ಹಾಸನದಿಂದ ಶಿರಾಡಿ ಇಳಿದು ಹೋಗಲು ಐದು ಗಂಟೆ ಬೇಕು, ಒಂದು ರಾತ್ರಿ ತಂಗಲೇಬೇಕು. ಮೊದಲ ದಿನ ಮಧ್ಯಾಹ್ನದಿಂದ ಮೃಗಾಲಯ, ಗ್ರಾಮ. ಮರುದಿನ ಬೆಳಗ್ಗೆ ವಿಜ್ಞಾನ ಕೇಂದ್ರ, ತಾರಾಲಯ, ಊಟ ಮುಗಿಸಿ ವಾಪಸ್. ಮಕ್ಕಳು ಸಮುದ್ರ ಸಮುದ್ರ ಅಂತ ಹಟ ಮಾಡುತ್ತಾರೆ. ದಡದಲ್ಲಿ ನಿಂತು ನೋಡಲಿ, ನೀರಿಗೆ ಇಳಿಯುವುದು ಬೇಡ. ಪ್ರವಾಸಕ್ಕೆ ಬಂದ ಶಾಲಾ ಮಕ್ಕಳನ್ನು ನಮ್ಮ ಕರಾವಳಿಯಲ್ಲಿ ಕಳೆದುಕೊಂಡಿದ್ದೇವೆ. ಇಷ್ಟು ಶಿಕ್ಷಕರಿದ್ದೇವೆ, ನೋಡಿಕೊಳ್ಳುತ್ತೇವೆ ಅನ್ನುವ ಧೈರ್ಯ ಅಲೆಯ ಮುಂದೆ ಕೆಲಸಕ್ಕೆ ಬರುವುದಿಲ್ಲ.

ಬೆಂಗಳೂರು

ವಿಜ್ಞಾನವೇ ಮುಖ್ಯ ಅಂದರೆ ಬೆಂಗಳೂರು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯದಲ್ಲಿ ಗುಂಡಿ ಒತ್ತಿ, ಹಿಡಿ ತಿರುಗಿಸಿ ನೋಡುವಂಥವು ಎಷ್ಟೋ ಇವೆ. ರೈಟ್ ಸಹೋದರರ ವಿಮಾನದ ಪೂರ್ಣ ಅಳತೆಯ ಮಾದರಿಯ ಕೆಳಗೆ ಮಕ್ಕಳು ಬಾಯಿ ಬಿಟ್ಟು ನಿಲ್ಲುತ್ತಾರೆ. ಅರ್ಧ ದಿನ ಅಲ್ಲೇ ಬೇಕು. ಮಿಕ್ಕ ಅರ್ಧ ದಿನಕ್ಕೆ ಲಾಲ್‌ಬಾಗ್ ಸಾಕು. ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು, ಅದರ ಮೇಲೆ ಕೂತು ಬುತ್ತಿ ಬಿಚ್ಚಿದರೂ ಅದೊಂದು ಪಾಠ. ಬನ್ನೇರುಘಟ್ಟವನ್ನೂ ಅದೇ ದಿನ ಸೇರಿಸಬೇಡಿ. ಟ್ರಾಫಿಕ್‌ನಲ್ಲಿ ಎರಡು ಗಂಟೆ ಹೋಯಿತು ಅಂದುಕೊಳ್ಳಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಇದು ಹೊಂದುತ್ತದೆ, ದೂರದವರಿಗೆ ನಗರದಲ್ಲಿ ತಂಗುವ ಖರ್ಚು ಜಾಸ್ತಿ.

ಹಂಪಿ

ನಮ್ಮ ಕಡೆಯಿಂದ ಹಂಪಿಗೆ ಏಳು ಗಂಟೆ. ಎರಡು ಪೂರ್ತಿ ದಿನ ಅಲ್ಲಿರುವುದಾದರೆ ಮಾತ್ರ ಹೋಗಿ. ಒಂದು ದಿನಕ್ಕೆ ಹೋದರೆ ಕಲ್ಲಿನ ರಥದ ಮುಂದೆ ಫೋಟೋ, ಅಷ್ಟೇ. ಖರ್ಚು ಎಲ್ಲಕ್ಕಿಂತ ಜಾಸ್ತಿ, ಬಿಸಿಲೂ ಜಾಸ್ತಿ. ಐದು, ಆರನೇ ಕ್ಲಾಸಿನವರಿಗೆ ನಡಿಗೆ ಕಷ್ಟ. ಒಂಬತ್ತು, ಹತ್ತರವರಿಗೆ ಸರಿಯಾದ ಜಾಗ.

ಇಷ್ಟೆಲ್ಲ ಹೇಳಿಯೂ, ನನಗೆ ತುಂಬ ಇಷ್ಟವಾದ ಪ್ರವಾಸ ಹಂಪಿಯದೇ. ವಿಜ್ಞಾನ ಕೇಂದ್ರ ಅಂತ ಬೋರ್ಡ್ ಹಾಕದ ವಿಜ್ಞಾನ ಅಲ್ಲಿದೆ. ವಿರೂಪಾಕ್ಷ ಗುಡಿಯ ಹಿಂಭಾಗದ ಒಂದು ಕತ್ತಲೆ ಕೋಣೆಗೆ ಹೋಗಿ. ಗೋಡೆಯಲ್ಲಿ ಸಣ್ಣ ಕಂಡಿ ಇದೆ. ಎದುರು ಗೋಡೆಯ ಮೇಲೆ ಹೊರಗಿನ ರಾಜಗೋಪುರ ತಲೆಕೆಳಗಾಗಿ ಬಿದ್ದಿರುತ್ತದೆ. ಸೂಜಿರಂಧ್ರ ಕ್ಯಾಮೆರಾವನ್ನು ರಟ್ಟಿನ ಡಬ್ಬಿಯಲ್ಲಿ ಮಾಡಿದ ಮಕ್ಕಳು ಆ ಡಬ್ಬಿಯ ಒಳಗೇ ನಿಂತ ಹಾಗೆ. ನಮ್ಮ ಒಬ್ಬ ಹುಡುಗ ನೋಟ್‌ಬುಕ್ಕಿನ ಬಿಳಿ ಹಾಳೆ ಹಿಡಿದು ಕಂಡಿಯ ಕಡೆಗೆ ನಿಧಾನವಾಗಿ ನಡೆದ. ಹಾಳೆಯ ಮೇಲಿನ ಗೋಪುರ ಚಿಕ್ಕದಾಗುತ್ತಾ, ಬೆಳಕು ಜಾಸ್ತಿಯಾಗುತ್ತಾ ಹೋಯಿತು. ಹಿಂದೆ ಬಂದ, ದೊಡ್ಡದಾಯಿತು. ಯಾರೂ ಹೇಳಿಕೊಟ್ಟಿರಲಿಲ್ಲ. ಅಲ್ಲಿದ್ದವರೆಲ್ಲ ಸರದಿ ಹಚ್ಚಿ ಅದನ್ನೇ ಮಾಡಿದರು.

ರಾಜರ ಆವರಣದ ಮೆಟ್ಟಿಲು ಪುಷ್ಕರಣಿಯಲ್ಲೂ ನಿಲ್ಲಿ. ಯಾವ ಕಲ್ಲು ಎಲ್ಲಿ ಕೂರಬೇಕು ಅಂತ ಕೆಲಸಗಾರರು ಕೆತ್ತಿಕೊಂಡ ಗುರುತು ಕಲ್ಲುಗಳ ಮೇಲೆ ಇನ್ನೂ ಇವೆ. ಪಕ್ಕದಲ್ಲೇ ನೀರು ತರುತ್ತಿದ್ದ ಕಲ್ಲಿನ ಕಾಲುವೆ ಇದೆ. ಪಂಪು, ಕರೆಂಟು ಇಲ್ಲದೆ ನೀರು ಹೇಗೆ ಬಂತು ಅಂತ ಮಕ್ಕಳೇ ಯೋಚಿಸಲಿ. ವಿಠ್ಠಲ ಗುಡಿಯ ಸಂಗೀತದ ಕಂಬಗಳನ್ನು ಬಡಿಯಲು ಮಾತ್ರ ಬಿಡಬೇಡಿ. ಎಷ್ಟೋ ಜನ ಬಡಿದು ಬಡಿದು ಅವು ಸವೆದಿವೆ.

ಪ್ರಾಣಿಗೆ ಕಮಲಾಪುರದ ಝೂ, ಸಫಾರಿ ಇದೆ. ಕಾಡಿನಲ್ಲೇ ನೋಡಬೇಕು ಅಂದರೆ ದರೋಜಿ ಕರಡಿಧಾಮ, ಮಧ್ಯಾಹ್ನದ ಮೇಲೆ ಹೋಗಬೇಕು. ವೀಕ್ಷಣಾ ಗೋಪುರದಲ್ಲಿ ಕೂತರೆ ದೂರದ ಬಂಡೆಯ ಮೇಲೆ ಕರಡಿ ಬರುವುದು ಕಾಣುತ್ತದೆ. ಮಾತಾಡದೆ ಒಂದು ಗಂಟೆ ಕೂರಬಲ್ಲ ಮಕ್ಕಳಾದರೆ ಸರಿ, ಒಂದೆರಡು ಬೈನಾಕ್ಯುಲರ್ ಇರಲಿ. ಐವತ್ತು ಮಕ್ಕಳ ಬಸ್ಸಿಗೆ ಇದು ಆಗುವ ಮಾತಲ್ಲ, ಇಪ್ಪತ್ತರೊಳಗಿನ ಗುಂಪಿಗೆ ಸರಿ.

ಗದಗ, ಲಕ್ಕುಂಡಿ, ಧಾರವಾಡ

ಉತ್ತರದ ಶಿಕ್ಷಕರು ಯಾಕೆ ಮಕ್ಕಳನ್ನು ಅಷ್ಟು ದೂರದ ಮೈಸೂರಿಗೆ ಕರೆತರುತ್ತಾರೋ ನನಗೆ ಅರ್ಥವಾಗಿಲ್ಲ. ಪ್ರಾಣಿ, ವಿಜ್ಞಾನ, ಇತಿಹಾಸ ಮೂರೂ ಮನೆ ಹತ್ತಿರವೇ ಇದೆ. ಗದಗದಿಂದ ಹನ್ನೆರಡು ಕಿಲೋಮೀಟರ್ ಆದರೆ ಲಕ್ಕುಂಡಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಇರುವ ಊರು. ನೂರೊಂದು ಗುಡಿ, ನೂರೊಂದು ಬಾವಿ ಅಂತ ಊರವರು ಹೇಳುತ್ತಾರೆ. ಮೆಟ್ಟಿಲು ಬಾವಿಯೊಳಗೆ ಒಂದೊಂದೇ ಹೆಜ್ಜೆ ಇಳಿದಂತೆ ಗಾಳಿ ತಣ್ಣಗಾಗುತ್ತದೆ. ಒಂದು ಥರ್ಮಾಮೀಟರ್ ಒಯ್ದು ಮೇಲೊಮ್ಮೆ, ಕೆಳಗೊಮ್ಮೆ ಅಳೆಯಲು ಕೊಡಿ.

ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋದರೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನು ತಪ್ಪಿಸಬೇಡಿ. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಈ ಕೆರೆಗೆ ಬರುತ್ತವೆ. 2024ರಲ್ಲಿ ಇದೂ ರಾಮ್ಸರ್ ಪಟ್ಟಿ ಸೇರಿತು. ಬೆಳಗ್ಗೆ ಬೇಗ ಹೋಗಬೇಕು. ಬಿಂಕದಕಟ್ಟಿಯ ಝೂ ಸಣ್ಣದು, ಪುಟ್ಟ ಮಕ್ಕಳಿಗೆ ಅಷ್ಟೇ ಸಾಕು. ವಿಜ್ಞಾನಕ್ಕೆ ಧಾರವಾಡ. ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿರುವ ಪ್ರಾದೇಶಿಕ ವಿಜ್ಞಾನ ಕೇಂದ್ರದಲ್ಲಿ ಮಕ್ಕಳು ಮುಟ್ಟಿ ಆಡಿ ನೋಡಬಹುದು, ಬೆಂಗಳೂರಿನ ಗದ್ದಲವೂ ಇಲ್ಲ. ಮೊದಲ ದಿನ ಗದಗದ ಸುತ್ತ, ಎರಡನೇ ದಿನ ಧಾರವಾಡ. ಹಾವೇರಿ, ಕೊಪ್ಪಳ, ಬಾಗಲಕೋಟೆಯವರಿಗೆ ಕಡಿಮೆ ದುಡ್ಡಿಗೆ ಇದಕ್ಕಿಂತ ತುಂಬಿದ ಎರಡು ದಿನ ಸಿಗುವುದು ಕಷ್ಟ. ಒಂದೇ ದಿನ ಇರುವುದಾದರೆ ಕೆರೆ ಮತ್ತು ಲಕ್ಕುಂಡಿ ಇಟ್ಟುಕೊಂಡು ಮಿಕ್ಕದ್ದು ಬಿಡಿ.

ವಿಜಯಪುರದ ಹತ್ತಿರದವರಿಗೆ ಗೋಲ್ ಗುಂಬಜ್ ಇದ್ದೇ ಇದೆ. ಪಿಸುಗುಟ್ಟಿದ್ದು ಆಚೆ ಬದಿಗೆ ಕೇಳಿಸುವ ಆ ಗ್ಯಾಲರಿಗಿಂತ ಒಳ್ಳೆಯ ಶಬ್ದದ ಪಾಠ ಇಲ್ಲ. ಬೇರೆ ಗುಂಪುಗಳು ಕೂಗಾಡಲು ಶುರು ಮಾಡುವ ಮೊದಲು, ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ. ಶಿವಮೊಗ್ಗದ ಕಡೆಯವರು ಬೆಳಗ್ಗೆ ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ ನೋಡಿ, ಮಧ್ಯಾಹ್ನ ತ್ಯಾವರೆಕೊಪ್ಪದ ಸಫಾರಿ ಮುಗಿಸಿ ಸಂಜೆಗೆ ಮನೆ ಸೇರಬಹುದು. ಆನೆ ಬಿಡಾರ ಬೆಳಗಿನ ಹೊತ್ತು ಮಾತ್ರ, ಹನ್ನೊಂದಾದರೆ ಮುಗಿಯಿತು.

ಬಸ್ಸಿಗೆ ದುಡ್ಡೇ ಇಲ್ಲ ಅಂದರೆ

ಪ್ರತಿ ವರ್ಷ ಹೆಸರು ಕೊಡಿ ಅಂದಾಗ ಕ್ಲಾಸಿನಲ್ಲಿ ಏಳೆಂಟು ಮಕ್ಕಳು ಕೈ ಎತ್ತುವುದಿಲ್ಲ. ಕೇಳಿದರೆ "ನಂಗೆ ಬಸ್ಸಲ್ಲಿ ವಾಂತಿ ಬರುತ್ತೆ ಮಿಸ್" ಅನ್ನುತ್ತಾರೆ. ಅದು ಸುಳ್ಳು ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಆ ಮಕ್ಕಳನ್ನು ಬಿಟ್ಟು ಹಂಪಿಗೆ ಹೋಗುವುದೋ, ಎಲ್ಲರನ್ನೂ ಕರೆದುಕೊಂಡು ಹತ್ತಿರ ಹೋಗುವುದೋ? ನಾನು ಮೂರು ವರ್ಷದಿಂದ ಎರಡನೆಯದನ್ನು ಮೊದಲು ಮಾಡುತ್ತಿದ್ದೇನೆ. ದೂರದ ಪ್ರವಾಸ ಆಮೇಲೆ, ಆದವರಿಗೆ.

ನಮಗೆ ಹತ್ತಿರ ಇರುವುದು ಹಳೇಬೀಡು. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲೇ ಹೋಗುತ್ತೇವೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಗುರುತಿನ ಚೀಟಿ ಇದ್ದರೆ ಸಾಕು. ಹುಡುಗರ ಟಿಕೆಟ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ಡಿಪೋದಲ್ಲಿ ಮೊದಲೇ ಹೇಳಿ, ಎರಡು ಬಸ್ಸಿಗೆ ಹಂಚಿಕೊಂಡು ಹೋಗಿ. ಹೊಯ್ಸಳೇಶ್ವರ ಗುಡಿಯ ಪಕ್ಕ ದ್ವಾರಸಮುದ್ರದ ಕೆರೆ ಇದೆ, ನೀರುಕಾಗೆ, ಬೆಳ್ಳಕ್ಕಿ ಸಿಗುತ್ತವೆ. ಬೇಲೂರು, ಸೋಮನಾಥಪುರದ ಜೊತೆ ಈ ಗುಡಿಯೂ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಊಟಕ್ಕೆ ಮನೆಯ ಬುತ್ತಿ. ನಿಮ್ಮ ಊರಿನ ಹತ್ತಿರವೂ ಒಂದು ಕೆರೆ, ಒಂದು ಹಳೆಯ ಗುಡಿ, ನಾಲ್ಕು ವೀರಗಲ್ಲು ಇದ್ದೇ ಇರುತ್ತವೆ ಅಲ್ವಾ?

ಹಳೇಬೀಡಿನಲ್ಲಿ ವಿಜ್ಞಾನ ಎಲ್ಲಿಂದ ತರೋದು ಅಂತ ಮೊದಲ ವರ್ಷ ನನಗೂ ಅನಿಸಿತ್ತು. ಗುಡಿ ನೋಡಿ ಬಂದ ಮೇಲೆ ಮೂರ್ತಿ ಕೆತ್ತುವ ಒಬ್ಬರ ಅಂಗಡಿಯ ಮುಂದೆ ನಿಂತೆವು. ಕೆಳಗೆ ಬಿದ್ದಿದ್ದ ಬಳಪದ ಕಲ್ಲಿನ ಚೂರುಗಳನ್ನು ಅವರು ಮಕ್ಕಳ ಕೈಗೆ ಕೊಟ್ಟರು. ಉಗುರಿನಲ್ಲಿ ಗೀರಿದರೆ ಗೀರು ಬೀಳುತ್ತದೆ, ಬೆರಳಿಗೆ ನುಣ್ಣಗೆ ಪುಡಿ ಅಂಟುತ್ತದೆ. ಇಷ್ಟು ಮೆತ್ತಗಿನ ಕಲ್ಲಾದ್ದರಿಂದಲೇ ಅಷ್ಟು ಸಣ್ಣ ಕುಸುರಿ ಕೆಲಸ ಸಾಧ್ಯವಾಯಿತು ಅಂತ ನಾನು ಹೇಳುತ್ತಿದ್ದೆ. ಅಷ್ಟರಲ್ಲಿ ವಾಂತಿ ಬರುತ್ತೆ ಅನ್ನುತ್ತಿದ್ದ ಹುಡುಗ ಅಂಗಡಿಯವರ ಕಪ್ಪು ಹಲಗೆಯ ಹತ್ತಿರ ಹೋಗಿ, ಆ ಚೂರಿನಿಂದ ತನ್ನ ಹೆಸರು ಬರೆದ. ಬೆಳ್ಳಗೆ ಮೂಡಿತು. "ಮಿಸ್, ಇದು ನಮ್ಮ ಬಳಪಾನೇ" ಅಂದ.